ಮಿದುಳು ದಾನಕ್ಕೆ ಹಾಸನದಲ್ಲೊಂದು ಬಾಗಿಲು ಬೇಕು

ನಮ್ಮವ್ವ ತೀರಿಕೊಂಡಿದ್ದು ನಾಲ್ಕು ವರ್ಷದ ಹಿಂದೆ, ಮಾಘದ ಚಳಿಯ ಒಂದು ರಾತ್ರಿ. ಹನ್ನೊಂದೂಕಾಲಿಗೆ ತಮ್ಮನ ಫೋನ್ ಬಂತು. ‘ಅವ್ವ ಹೊಂಟೋಯ್ತು ಕಣಣ್ಣ’ ಅಂದ. ಅವನಿರುವುದು ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ರಾಮನಾಥಪುರಕ್ಕೆ ಹತ್ತಿರ. ನಾನು ನಿವೃತ್ತನಾದ ಮೇಲೆ ಹೊಳೆನರಸೀಪುರದಲ್ಲಿ ನೆಲೆಸಿದವನು. ಫೋನ್ ಇಟ್ಟವನು ಮೊದಲು ನೋಡಿದ್ದು ಗೋಡೆಯ ಗಡಿಯಾರ. ಅಳು ಆಮೇಲೆ ಬಂತು. ಅವ್ವನಿಗೆ ನಾನೊಂದು ಮಾತು ಕೊಟ್ಟಿದ್ದೆ, ಆ ಮಾತಿಗೆ ಇದ್ದದ್ದು ಕೆಲವೇ ಗಂಟೆಗಳ ಆಯಸ್ಸು.

ಅವ್ವ ಇನ್ನೂ ನೆಟ್ಟಗಿದ್ದ ಕಾಲದಲ್ಲಿ, ನಾನು ಬೆಂಗಳೂರಿನಿಂದ ಊರಿಗೆ ಬಂದಾಗಲೆಲ್ಲ ನನ್ನ ಕೆಲಸವೇನು ಎಂದು ಕೇಳುವಳು. ‘ಮಿದುಳಿನೊಳಗೆ ಪ್ರೋಟೀನು ಹೆಂಗೆ ತಯಾರಾಗುತ್ತೆ ಅಂತ ನೋಡೋ ವಿಜ್ಞಾನಿಗಳಿಗೆ ಸಹಾಯ ಮಾಡ್ತೀನಿ’ ಅನ್ನುತ್ತಿದ್ದೆ. ‘ಯಾರ ಮಿದುಳು?’ ‘ಇಲಿದು ಕಣವ್ವ.’ ‘ಇಲಿದು ಕಟ್ಕೊಂಡು ಏನಾಗ್ಬೇಕು, ಮನುಸ್ರದು ನೋಡ್ಬಾರ್ದಾ?’ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಂದು ತಗೊ. ಮಣ್ಣಿಗೋಗೋದು ತಾನೆ’ ಅಂದಳು. ಇನ್ನೊಂದು ಸಲ ತಮ್ಮನ ಎದುರಿಗೂ ಅದನ್ನೇ ಹೇಳಿದಳು. ನಾನು ಆಗಲಿ ಅಂದೆ.

ಆ ರಾತ್ರಿ ತಮ್ಮನ ಮನೆಗೆ ಹೋಗುವ ದಾರಿಯಲ್ಲೇ ಗೊತ್ತಿದ್ದ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೂ ಸಹನೆಯಿಂದ ಕೇಳಿಸಿಕೊಂಡರು. ‘ಇಲ್ಲಿ ಹತ್ತಿರದಲ್ಲಿ ತೆಗೆದಿಡೋರು ಯಾರೂ ನನಗೆ ಗೊತ್ತಿಲ್ಲ. ಬೆಂಗಳೂರು ತಲುಪೋಕೆ ಎಷ್ಟು ಹೊತ್ತಾಗುತ್ತೆ ನಿಮಗೆ?’ ಎಂದರು. ನಾನು ಲೆಕ್ಕ ಹಾಕಿದೆ. ಮರಣ ದೃಢಪಡಿಸುವ ಡಾಕ್ಟರು ಹಳ್ಳಿಗೆ ಬರಬೇಕು, ಆಂಬುಲೆನ್ಸ್ ಸಿಗಬೇಕು. ಅರಕಲಗೂಡಿನಿಂದ ಹಾಸನ, ಹಾಸನದಿಂದ ಚನ್ನರಾಯಪಟ್ಟಣ, ಹಿರೀಸಾವೆ, ಕುಣಿಗಲ್, ಬೆಳಗಿನ ಹೊತ್ತಿಗೆ ನೆಲಮಂಗಲದ ವಾಹನಗಳ ಸಾಲು. ಹಾಸನದಿಂದಲೇ ಬೆಂಗಳೂರಿಗೆ ಹತ್ತಿರ ಹತ್ತಿರ 180 ಕಿಲೋಮೀಟರ್. ಹೋಗಿ ಮರಳಿ ಬರುವ ಹೊತ್ತಿಗೆ ಮಾರನೇ ಸಂಜೆ. ಚನ್ನರಾಯಪಟ್ಟಣದಿಂದ ಅಕ್ಕ ಮೊದಲ ಬಸ್ಸಿಗೆ ಹೊರಟಿದ್ದಳು. ಊರಿನವರು ಮಧ್ಯಾಹ್ನದೊಳಗೆ ಮಣ್ಣು ಮಾಡಬೇಕೆಂದು ಗುಂಡಿಯ ಜಾಗ ನೋಡಿಯಾಗಿತ್ತು. ನಾನು ಸುಮ್ಮನಾದೆ. ಕೊಟ್ಟ ಮಾತು ಅವ್ವನ ಜೊತೆಗೇ ಮಣ್ಣಿಗೆ ಹೋಯಿತು.

ಗಂಟೆಗಳನ್ನು ಹೀಗೆ ಎಣಿಸುವುದು ಯಾಕೆ ಎಂದು ತಿಳಿಯಬೇಕಾದರೆ ನಾನು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ 1981ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದೆ. ಅಲ್ಲಿ ಮೊದಲು ಕಲಿತದ್ದು ಸೆಲ್-ಫ್ರೀ ಸಿಸ್ಟಂ. ಜೀವಕೋಶವನ್ನು ಒಡೆದು, ಅದರೊಳಗೆ ಪ್ರೋಟೀನ್ ಕಟ್ಟುವ ಸಲಕರಣೆಯನ್ನಷ್ಟೇ ಹೊರತೆಗೆದು, ಗಾಜಿನ ನಳಿಕೆಯಲ್ಲಿಟ್ಟು ಕೆಲಸ ಮಾಡಿಸುವ ವಿದ್ಯೆ ಅದು. ಕೋಶವಿಲ್ಲ, ಪ್ರಾಣಿಯಿಲ್ಲ, ಆದರೂ ಪ್ರೋಟೀನ್ ಹುಟ್ಟುತ್ತದೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಎಂದಿತ್ತು.

ಅವ್ವ ಹಾಲುಬಾಯಿ ಮಾಡುವುದನ್ನು ನೋಡಿ ಬೆಳೆದವನಿಗೆ ಈ ಕೆಲಸ ಪೂರ್ತಿ ಹೊಸದೇನೂ ಆಗಿರಲಿಲ್ಲ. ರಾತ್ರಿ ನೆನೆಸಿಟ್ಟ ರಾಗಿಯನ್ನು ಬೆಳಿಗ್ಗೆ ಒರಳಲ್ಲಿ ರುಬ್ಬಿ, ಹಳೇ ಪಂಚೆಯ ತುಂಡಿನಲ್ಲಿ ಹಾಕಿ, ನೀರು ಬಿಟ್ಟು ಬಿಟ್ಟು ಹಿಂಡುವಳು. ಹೊಟ್ಟು ಬಟ್ಟೆಯಲ್ಲಿ ಉಳಿಯುವುದು, ರಾಗಿಹಾಲು ಪಾತ್ರೆಗೆ ಇಳಿಯುವುದು. ಅಲುಗಾಡಿಸದೆ ಇಟ್ಟರೆ ಗಸಿ ತಳಕ್ಕೆ ಕೂರುವುದು. ಮೇಲಿನ ತಿಳಿನೀರು ಚೆಲ್ಲಿ, ಗಸಿಗೆ ಬೆಲ್ಲ, ತೆಂಗಿನಹಾಲು ಸೇರಿಸಿ ಮಗುಚುವಳು. ನಾವು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು 4 ಡಿಗ್ರಿಯ ಕೋಲ್ಡ್ ರೂಮಿನೊಳಗೆ ನಿಲ್ಲಬೇಕು. ಇಲಿಯ ಮಿದುಳು ಎಳನೀರಿನ ಗಂಜಿಯಷ್ಟು ಮೆತ್ತಗೆ. ಅದನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟ ಗಾಜಿನ ನಳಿಕೆಗೆ ಹಾಕಿ, ತಣ್ಣಗಿನ ಸಕ್ಕರೆ ದ್ರಾವಣದಲ್ಲಿ, ಟೆಫ್ಲಾನ್ ಕಡೆಗೋಲಿನಿಂದ ಹತ್ತು ಸಲ ಮೇಲೆ ಕೆಳಗೆ ಆಡಿಸಬೇಕು. ನೊರೆ ಏಳಬಾರದು, ನೊರೆ ಎದ್ದರೆ ಪ್ರೋಟೀನ್ ಕೆಟ್ಟಿತೆಂದೇ ಲೆಕ್ಕ. ಆಮೇಲೆ ಸೆಂಟ್ರಿಫ್ಯೂಜ್. ಅವ್ವ ಗಸಿಯನ್ನು ಇಟ್ಟುಕೊಂಡು ತಿಳಿಯನ್ನು ಚೆಲ್ಲುತ್ತಿದ್ದಳು. ನಾವು ಮೊದಲೆರಡು ಸುತ್ತು ಗಸಿಯನ್ನು ಬಿಟ್ಟು ತಿಳಿಯನ್ನು ಇಟ್ಟುಕೊಳ್ಳುತ್ತಿದ್ದೆವು, ಯಾಕೆಂದರೆ ನಮಗೆ ಬೇಕಾದ ರೈಬೋಸೋಮುಗಳು ಅಷ್ಟು ಸುಲಭಕ್ಕೆ ತಳ ಸೇರುವಷ್ಟು ದಪ್ಪವಲ್ಲ. ಕೊನೆಯ ಸುತ್ತಿನಲ್ಲಿ ಭೂಮಿಯ ಸೆಳೆತದ 1,00,000 ಪಟ್ಟು ಬಲಕ್ಕೆ ಯಂತ್ರ ಹೋದಾಗ ನಳಿಕೆಯ ತಳದಲ್ಲಿ ಜಾಲಿಮರದ ಅಂಟಿನ ಹನಿಯಂಥ ಪಾರದರ್ಶಕ ಬಿಲ್ಲೆಯೊಂದು ಕೂರುತ್ತಿತ್ತು. ಪ್ರೋಟೀನ್ ಕಟ್ಟುವ ಯಂತ್ರಗಳೆಲ್ಲ ಅದರೊಳಗೆ.

ಆ ಬಿಲ್ಲೆಯನ್ನು ಕರಗಿಸಿ, ಮೇಲಿನ ತಿಳಿಯನ್ನೂ ಸ್ವಲ್ಪ ಬೆರೆಸಿ, ಸೌದೆಯಂತೆ ಉರಿಯಲು ಎಟಿಪಿ, ಜಿಟಿಪಿ ಕೊಟ್ಟು, ಅಳತೆ ತಪ್ಪದೆ ಮೆಗ್ನೀಸಿಯಂ, ಪೊಟ್ಯಾಸಿಯಂ ಹಾಕಿ, ಅಮೈನೊ ಆಮ್ಲಗಳನ್ನು ಸೇರಿಸಬೇಕು. ಅದರಲ್ಲೊಂದಕ್ಕೆ, ಸಾಮಾನ್ಯವಾಗಿ ಲ್ಯೂಸಿನ್‌ಗೆ, ವಿಕಿರಣದ ಗುರುತು ಇರುತ್ತದೆ. 37 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಆಮ್ಲ ಬಿಟ್ಟರೆ, ಹಾಲಿಗೆ ನಿಂಬೆಹುಳಿ ಹಿಂಡಿದಂತೆ ಪ್ರೋಟೀನ್ ಬಿಳಿಯಾಗಿ ಒಡೆದುಕೊಳ್ಳುತ್ತದೆ. ಅದನ್ನು ಶೋಧಿಸಿ ಎಣಿಸುವ ಯಂತ್ರಕ್ಕಿಟ್ಟರೆ ಎಷ್ಟು ಲ್ಯೂಸಿನ್ ಪ್ರೋಟೀನ್ ಸೇರಿತೆಂದು ಅಂಕಿ ಬರುತ್ತದೆ. ಅಂಕಿ ಬಂದರೆ ಯಂತ್ರ ಬದುಕಿದೆ, ಬಾರದಿದ್ದರೆ ಕೆಟ್ಟಿದೆ.

ನಾನು ಸೇರಿದ ಮೊದಲ ವರ್ಷ ಮೂರು ವಾರ ಅಂಕಿಯೇ ಬರಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ನನ್ನ ಬೆರಳಲ್ಲಿ. ಪ್ರೋಟೀನ್ ಕಟ್ಟುವ ಸಂದೇಶ ಹೊತ್ತಿರುವ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ಮನುಷ್ಯನ ಚರ್ಮದ ಮೇಲೆಲ್ಲ ಇರುತ್ತದೆ. ಕೈಗವಸಿಲ್ಲದೆ ಮುಟ್ಟಿದ ಒಂದು ಗಾಜಿನ ಕಡ್ಡಿ ಸಾಕಾಗಿತ್ತು, ಇಡೀ ಪ್ರಯೋಗ ಕೆಡಲು. ಅದೇ ಜಾತಿಯ ಕಿಣ್ವ ಮಿದುಳಿನ ಕೋಶಗಳ ಒಳಗೂ ಇದೆ. ಬದುಕಿರುವಷ್ಟು ದಿನ ಅದಕ್ಕೊಂದು ಕಡಿವಾಣವಿರುತ್ತದೆ. ಉಸಿರು ನಿಂತ ಮೇಲೆ ಗಂಟೆ ಗಂಟೆಗೂ ಕಡಿವಾಣ ಸಡಿಲವಾಗುತ್ತದೆ, ರಕ್ತ ಹರಿಯದೆ ಮಿದುಳು ಬಿಸಿಯಲ್ಲೇ ಕೂತಿರುತ್ತದೆ. ನಾನು ಗಡಿಯಾರ ನೋಡಿದ್ದು ಅದಕ್ಕೆ.

ಈ ವಿದ್ಯೆಯ ಬೇರು ಅಮೆರಿಕದ ಬಾಸ್ಟನ್ನಿನಲ್ಲಿದೆ. 1950ರ ದಶಕದಲ್ಲಿ ಪಾಲ್ ಝಾಮೆಕ್ನಿಕ್ ಅವರ ತಂಡ ಇಲಿಯ ಯಕೃತ್ತನ್ನು ಒಡೆದು ನಳಿಕೆಯಲ್ಲಿ ಪ್ರೋಟೀನ್ ಕಟ್ಟಿಸಿತು. 1961ರಲ್ಲಿ ನೀರೆನ್‌ಬರ್ಗ್ ಮತ್ತು ಮತ್ಥಾಯ್ ಬ್ಯಾಕ್ಟೀರಿಯಾದ ಸಾರಕ್ಕೆ ಒಂದೇ ಅಕ್ಷರದ ಆರ್‌ಎನ್‌ಎ ಕೊಟ್ಟು, ಒಂದೇ ಅಮೈನೊ ಆಮ್ಲದ ಸರ ಬಂದದ್ದನ್ನು ಕಂಡರು. ಜೀವದ ಲಿಪಿಯ ಮೊದಲ ಅಕ್ಷರ ಓದಿದ್ದು ಹಾಗೆ. ನಮ್ಮ ಹರಗೋಬಿಂದ್ ಖುರಾನಾ ಆ ಲಿಪಿಯನ್ನು ಬಿಡಿಸಲು ಬಳಸಿದ್ದೂ ಇಂಥ ನಳಿಕೆಗಳನ್ನೇ. 1968ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಮಿದುಳಿಗೆ ಇದನ್ನು ಹಚ್ಚಿ ನೋಡುವ ಆಸೆ ಹುಟ್ಟಿದ್ದಕ್ಕೆ ಬೇರೆ ಕಾರಣವಿತ್ತು. ಪ್ರೋಟೀನ್ ಕಟ್ಟುವುದನ್ನು ತಡೆಯುವ ಪ್ಯೂರೊಮೈಸಿನ್ ಎಂಬ ಔಷಧಿಯನ್ನು 1963ರಲ್ಲಿ ಫ್ಲೆಕ್ಸ್‌ನರ್ ದಂಪತಿ ಮತ್ತು ಸಂಗಡಿಗರು ಇಲಿಗಳ ಮಿದುಳಿಗೆ ಚುಚ್ಚಿದರು. ಕಲಿತ ದಾರಿಯನ್ನು ಇಲಿಗಳು ಮರೆತವು. ಆ ಪ್ರಯೋಗದ ಅರ್ಥದ ಬಗ್ಗೆ ಆಮೇಲೆ ಬೇಕಾದಷ್ಟು ವಾದ ನಡೆಯಿತು. ಆದರೆ ಹೊಸ ನೆನಪು ಬಹುಕಾಲ ನಿಲ್ಲಬೇಕಾದರೆ ಹೊಸ ಪ್ರೋಟೀನ್ ಬೇಕು ಎಂಬ ಮಾತು ಗಟ್ಟಿಯಾಗಿ ನಿಂತಿತು. ನಾವು ನೆನಪು ಎನ್ನುವುದಕ್ಕೆ ಮಿದುಳಿನಲ್ಲಿ ದಿನವೂ ಕೂಲಿ ಮಾಡುವವರು ಇದ್ದಾರೆ, ಅವರು ಆ ರೈಬೋಸೋಮುಗಳು.

ಸತ್ತವರ ಮಿದುಳಿನ ರೈಬೋಸೋಮುಗಳು ಕೆಲಸ ಮಾಡಬಲ್ಲವೇ? ಮಾಡಬಲ್ಲವು. 1980ರ ದಶಕದ ಆರಂಭದಲ್ಲೇ ಅಮೆರಿಕದ ಸಂಶೋಧಕರು ಮರಣಾನಂತರ ತೆಗೆದ ಮನುಷ್ಯ ಮಿದುಳಿನ ರೈಬೋಸೋಮ್ ಗೊಂಚಲುಗಳಿಂದ ನಳಿಕೆಯಲ್ಲಿ ಪ್ರೋಟೀನ್ ಕಟ್ಟಿಸಿ ತೋರಿಸಿದರು. ನನ್ನ ಮನಸ್ಸನ್ನು ಹಿಡಿದಿಟ್ಟದ್ದು 2005ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದಿಂದ ಬಂದ ಪ್ರಬಂಧ. ಡಿಂಗ್, ಮಾರ್ಕ್ಸ್‌ಬೆರಿ, ಕೆಲ್ಲರ್ ಮತ್ತು ಸಂಗಡಿಗರದ್ದು. ಅಲ್ಝೈಮರ್ಸ್ ಇದ್ದವರ ಮಿದುಳು, ಮರೆವಿನ ಮೊದಲ ಹಂತದಲ್ಲೇ ತೀರಿಕೊಂಡವರ ಮಿದುಳು, ಎರಡರಿಂದಲೂ ರೈಬೋಸೋಮ್ ತೆಗೆದು ಪರೀಕ್ಷಿಸಿದರು. ರೋಗಕ್ಕೆ ಈಡಾಗುವ ಮೇಲ್ಭಾಗದ ತೊಗಟೆಯಲ್ಲಿ ಪ್ರೋಟೀನ್ ಕಟ್ಟುವ ಶಕ್ತಿ ಕುಂದಿತ್ತು, ಅದೂ ಮೊದಲ ಹಂತದಲ್ಲೇ. ಹಿಂದಲೆಯ ಕಿರುಮಿದುಳಿನಲ್ಲಿ ಅಂಥ ಕುಸಿತ ಕಾಣಲಿಲ್ಲ.

ಆ ಪ್ರಬಂಧ ಓದಿದ ಎಷ್ಟೋ ವರ್ಷದ ಮೇಲೆ ಅವ್ವನಿಗೆ ಮರೆವು ಶುರುವಾಯಿತು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ನಡುರಾತ್ರಿ ಎದ್ದು, ಬಾಗಿಲಿಗೆ ಅಂಗೈ ಇಟ್ಟು, ಸೌದೆ ಹಾಕಬೇಕೋ ಬೇಡವೋ ಹೇಳುತ್ತಿದ್ದವಳು. ಮೊದಲು ಸೊಪ್ಪಿನ ದುಡ್ಡು ಯಾರು ಕೊಡಬೇಕು ಅನ್ನುವುದು ಮರೆಯಿತು. ಆಮೇಲೆ ಅಕ್ಕನ ಊರು ಚನ್ನರಾಯಪಟ್ಟಣ ಅನ್ನುವುದು ಮರೆಯಿತು. ಕೊನೆಗೆ ನನ್ನನ್ನು ‘ಯಾವೂರಪ್ಪ ನಿಂದು?’ ಎಂದು ಕೇಳಿದಳು. ಆದರೆ ಅದೇ ವರ್ಷದ ದೀಪಾವಳಿಗೆ ನನ್ನ ಹೆಂಡತಿ ನೆನೆದ ರಾಗಿಯನ್ನು ಬಟ್ಟೆಗೆ ಕಟ್ಟಿ ಮುಂದಿಟ್ಟಾಗ, ಅವ್ವ ತಾನಾಗಿಯೇ ಕುಕ್ಕರಗಾಲಲ್ಲಿ ಕೂತು ಹಿಂಡತೊಡಗಿದಳು. ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ತಿರುವು, ನಡುನಡುವೆ ಬೊಗಸೆ ನೀರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಹೆಸರು ಮರೆತ ಅವ್ವನ ಕೈಗಳು ಏನನ್ನೂ ಮರೆತಿರಲಿಲ್ಲ. ಕೈಕೆಲಸದ ನೆನಪಿನಲ್ಲಿ ಕಿರುಮಿದುಳಿಗೂ ಪಾಲಿದೆ. ನಳಿಕೆಯಲ್ಲಿ ಕಂಡ ವ್ಯತ್ಯಾಸಕ್ಕೂ ನಮ್ಮ ಹಜಾರದಲ್ಲಿ ಕಂಡದ್ದಕ್ಕೂ ನೇರ ಗಂಟು ಹಾಕುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಆ ಗಂಟು ಇದೆಯೋ ಇಲ್ಲವೋ ನೋಡಬೇಕಾದರೆ ಅವ್ವನಂಥವರ ಮಿದುಳೇ ಬೇಕು. ಇಲಿ ರಾಗಿ ಹಿಂಡುವುದಿಲ್ಲ.

ನಮ್ಮ ಕಡೆ ಇಂಥದ್ದಕ್ಕೆಲ್ಲ ‘ಅರವತ್ತಕ್ಕೆ ಅರಳುಮರಳು’ ಎಂದು ಹೇಳಿ ಮುಗಿಸುತ್ತೇವೆ. ವಯಸ್ಸಾದ ಮೇಲೆ ಇದ್ದದ್ದೇ ಎಂದು ಬಿಟ್ಟುಬಿಡುತ್ತೇವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನೂರರಲ್ಲಿ ಉಳಿದ 92ಕ್ಕೂ ಹೆಚ್ಚು ಮಂದಿಗೆ ಇಲ್ಲ ಅನ್ನುವುದನ್ನೂ ನೋಡಿ. ಹಾಗಾದರೆ ಇದು ವಯಸ್ಸಿನ ಹಣೆಬರಹವಾಗಲು ಹೇಗೆ ಸಾಧ್ಯ? ಇದೊಂದು ಕಾಯಿಲೆ, ಕಾರಣವಿರುವ ಕಾಯಿಲೆ.

ಕಾರಣ ಹುಡುಕುವವರು ದೂರದಲ್ಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಡಾ. ಎಸ್.ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ್ದು. ಬಂದ ಮಿದುಳಿನ ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರ್‌ಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡ ಅಧ್ಯಯನ ಅವರದ್ದು. ಅದೇ ಕೇಂದ್ರದ ರವಿ ಮುದ್ದಶೆಟ್ಟಿ ಅವರ ತಂಡ ನರಕೋಶಗಳ ಸಂಧಿಯಲ್ಲಿ ಪ್ರೋಟೀನ್ ಹೇಗೆ ತಯಾರಾಗುತ್ತದೆ ಎಂಬುದನ್ನೇ ಬೆನ್ನು ಹತ್ತಿದೆ. ಅಲ್ಝೈಮರ್ಸ್‌ನ ಅಪಾಯ ಹೆಚ್ಚಿಸುವ ಎಪಿಒಇ4 ಎಂಬ ವಂಶವಾಹಿ ರೂಪ ಈ ತಯಾರಿಕೆಯ ಲಯವನ್ನು ಕೆಡಿಸುತ್ತದೆ ಎಂದು 2021ರಲ್ಲಿ ತೋರಿಸಿದವರು ಅವರು. ನನ್ನ ಕಾಲದ ಕಚ್ಚಾ ನಳಿಕೆಗಿಂತ ಎಷ್ಟೋ ನಯವಾದ ವಿದ್ಯೆ ಈಗ ಬಂದಿದೆ. ಹಿಗ್ಗಿನಿಂದ ಓದಿಕೊಳ್ಳುತ್ತೇನೆ.

ಆದರೆ ಒಂದು ಸಂಗತಿ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಆ ಕೇಂದ್ರವನ್ನು ಕಟ್ಟಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2018ರಲ್ಲಿ ನರಸಂಧಿಗಳ ಸವೆತದ ಬಗ್ಗೆ ಪ್ರಕಟಿಸಿದ ಕೆಲಸದಲ್ಲಿ ಮನುಷ್ಯರ ಮಿದುಳೂ ಇತ್ತು. ಅದನ್ನು ಕೊಟ್ಟವರು ಅಮೆರಿಕದ ಕ್ರೈಸ್ತ ಸನ್ಯಾಸಿಗಳು, ಸನ್ಯಾಸಿನಿಯರು. ಷಿಕಾಗೋದ ರಷ್ ವಿಶ್ವವಿದ್ಯಾಲಯ 1994ರಲ್ಲಿ ಶುರುಮಾಡಿದ ಅಧ್ಯಯನಕ್ಕೆ ಅವರು ಬದುಕಿದ್ದಾಗಲೇ ಪ್ರತಿವರ್ಷ ಪರೀಕ್ಷೆಗೆ ಕೂತು, ಸತ್ತ ಮೇಲೆ ಮಿದುಳು ಕೊಡುವುದಾಗಿ ಬರೆದುಕೊಟ್ಟವರು. ಅವರಿಗೆ ಕೈಮುಗಿಯುತ್ತೇನೆ. ಮುದ್ದೆ ಉಂಡು, ಹೊಗೆಸೊಪ್ಪು ಕಟ್ಟಿ, ಶಾಲೆಯ ಮುಖ ನೋಡದೆ ಮುದುಕರಾದ ನಮ್ಮವರ ಮಿದುಳಿನ ಕತೆಯನ್ನು ಆ ಪುಣ್ಯಾತ್ಮರ ಮಿದುಳು ಪೂರ್ತಿ ಹೇಳಲಾರದು.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡದೇನಲ್ಲ. ಮಿದುಳನ್ನು ಬೆಂಗಳೂರಿಗೆ ಓಡಿಸಬೇಕಾಗಿಲ್ಲ, ಓಡಬೇಕಾದದ್ದು ಹಾಸನದವರೆಗೆ ಮಾತ್ರ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಿಂದ ನಡೆಯುತ್ತಿದೆ. ಶರೀರರಚನಾ ವಿಭಾಗ, ರೋಗಶಾಸ್ತ್ರ ವಿಭಾಗ, ಶವಾಗಾರ ಎಲ್ಲ ಒಂದೇ ಸೂರಿನಡಿ ಇರುವ ಜಾಗ. ಅಲ್ಲಿನ ಇಬ್ಬರು ಮೂವರು ವೈದ್ಯರಿಗೆ, ತಂತ್ರಜ್ಞರಿಗೆ ನಿಮ್ಹಾನ್ಸ್‌ನಲ್ಲಿ ತರಬೇತಿ ಕೊಡಿಸಿ, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಒಂದು ಫ್ರೀಜರ್ ಇಟ್ಟು, ಕರೆಂಟು ಹೋದರೆ ತಾನೇ ಚಾಲೂ ಆಗುವ ಜನರೇಟರ್‌ಗೆ ಜೋಡಿಸಿದರೆ ಅರ್ಧ ಕೆಲಸ ಆಯಿತು. ಒಮ್ಮೆ ಆ ಚಳಿಗೆ ಇಳಿದರೆ ಆರ್‌ಎನ್‌ಎ ಕತ್ತರಿಸುವ ಕಿಣ್ವದ ಕೈ ಕಟ್ಟಿದಂತೆ. ಆಮೇಲೆ ಒಣಮಂಜಿನಲ್ಲಿಟ್ಟು ವಾರಕ್ಕೋ ತಿಂಗಳಿಗೋ ಒಮ್ಮೆ ಬೆಂಗಳೂರಿಗೆ ಕಳಿಸಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸರ್ಕಾರಿ ಆಸ್ಪತ್ರೆಗಳಿಂದ ಹಾಸನಕ್ಕೆ ಗಂಟೆಯ ಆಚೀಚೆ ದಾರಿ. ರಾತ್ರಿ ಹಗಲು ಎತ್ತುವ ಒಂದು ಫೋನ್ ನಂಬರ್ ಬೇಕು. ಮಿದುಳಿನ ಆರೋಗ್ಯಕ್ಕೆಂದು ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ದಾನಕ್ಕೆ ಒಪ್ಪುವವರ ಪಟ್ಟಿಯನ್ನು ಅದರ ಜೊತೆಗೇ ಹೊಂದಿಸಬಹುದು.

ಜನ ಒಪ್ಪುತ್ತಾರಾ ಎಂದು ಕೇಳುವವರಿಗೆ ನಾನು ಡಾ. ರಾಜ್‌ಕುಮಾರ್ ಅವರ ಹೆಸರು ಹೇಳುತ್ತೇನೆ. 2006ರಲ್ಲಿ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಹಳ್ಳಿಹಳ್ಳಿಯ ಹುಡುಗರು ಸಾಲುಗಟ್ಟಿ ಹೆಸರು ಬರೆಸಿದರು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಅನ್ನುವುದು ಇವತ್ತು ನಮ್ಮೂರಿನ ಹೈಸ್ಕೂಲು ಮಕ್ಕಳಿಗೂ ಗೊತ್ತು. ಗೊತ್ತಾಗುವಂತೆ ಯಾರೋ ಹೇಳಿದರು, ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವ ವ್ಯವಸ್ಥೆಯನ್ನು ಯಾರೋ ಮಾಡಿದರು. ಮಿದುಳಿಗೆ ಎರಡೂ ಆಗಿಲ್ಲ.

ಅಂಜಿಕೆಗಳಿವೆ, ಅವನ್ನು ಹಗುರವಾಗಿ ನೋಡಬಾರದು. ಮುಖ ಕೆಡುತ್ತದೆಯೇ ಎಂದು ಅಕ್ಕ ಕೇಳಿದ್ದಳು. ಇಲ್ಲ. ಕಿವಿಯಿಂದ ಕಿವಿಗೆ ನೆತ್ತಿಯ ಹಿಂದೆ, ಕೂದಲ ಮರೆಯಲ್ಲಿ ಗಾಯ ಮಾಡಿ ಆಮೇಲೆ ಹೊಲಿಯುತ್ತಾರೆ. ದೇಹ ಮನೆಗೇ ಬರುತ್ತದೆ, ಮಣ್ಣು ಮಾಡುವುದೋ ಸುಡುವುದೋ ನಮ್ಮ ಪದ್ಧತಿಯಂತೆ ನಡೆಯುತ್ತದೆ, ಹನ್ನೊಂದನೇ ದಿನದ ತಿಥಿಗೆ ಯಾವ ಅಡ್ಡಿಯೂ ಇಲ್ಲ. ಮರೆವಿನವರ ಮಿದುಳು ಮಾತ್ರ ಸಾಕೇ ಎಂದು ತಮ್ಮ ಕೇಳಿದ. ಸಾಲದು. ಚೆನ್ನಾಗಿದ್ದವರ ಮಿದುಳನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಕೆಟ್ಟದ್ದೇನೆಂದು ತಿಳಿಯುವುದಿಲ್ಲ. ಹಾಗಾಗಿ ನನ್ನಂಥವರದ್ದೂ ಬೇಕು, ಕೊನೆಯವರೆಗೆ ಚುರುಕಾಗಿದ್ದು ಹೋದ ತೊಂಬತ್ತರ ಅಜ್ಜಿಯದ್ದೂ ಬೇಕು. ಅಜ್ಜಿಯದ್ದು ಇನ್ನೂ ಹೆಚ್ಚಾಗಿ ಬೇಕು.

ಕಳೆದ ತಿಂಗಳು ನನ್ನ ಒಪ್ಪಿಗೆಯನ್ನು ಬಿಳಿ ಹಾಳೆಯಲ್ಲಿ ಬರೆದು, ಹೆಂಡತಿ, ಮಗನ ರುಜು ಹಾಕಿಸಿ, ದೇವರ ಗೂಡಿನ ಪಕ್ಕದ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ. ಯಾರಿಗೆ ಫೋನ್ ಮಾಡಬೇಕು ಎನ್ನುವ ಜಾಗ ಖಾಲಿ ಬಿಟ್ಟಿದ್ದೇನೆ. ಮಗ ಓದಿ, ‘ಅಪ್ಪ, ಇಲ್ಲಿ ಯಾವ ನಂಬರ್ ಬರೆಯಲಿ?’ ಎಂದು ಕೇಳಿದ. ಹಾಸನದ ನಂಬರೊಂದು ಬರಲಿ, ಕಾಯೋಣ ಎಂದೆ. ಪೆನ್ನು ಅದೇ ಹಾಳೆಗೆ ಸಿಕ್ಕಿಸಿಟ್ಟಿದ್ದಾನೆ.